ಒಳಮಡಿಕೆಯ ಐದು ಇಂಚು

ನಮ್ಮ ಮನೆಯವರಿಗೆ ಜನರ ಮುಖ ನೆನಪಿರುವುದಿಲ್ಲ, ಸೊಂಟ ನೆನಪಿರುತ್ತದೆ. ಬೀದಿಯಲ್ಲಿ ಯಾರಾದರೂ ನಕ್ಕು ಮಾತಾಡಿಸಿ ಹೋದ ಮೇಲೆ ‘ಯಾರ್ರೀ ಅವರು?’ ಎಂದು ಕೇಳಿದರೆ, ಸ್ವಲ್ಪ ಯೋಚಿಸಿ ‘ಮೂವತ್ನಾಕು’ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಬೀದಿಯ ಕೊನೆಯ ಶಾಲೆಗೆ ಸಮವಸ್ತ್ರ ಹೊಲಿಯುವ ಟೈಲರ್ ಅವರೇ. ಕತ್ತರಿ, ಮಷಿನ್ನು ಅವರದು. ಕಾಜ, ಗುಂಡಿ, ಹೆಮ್ಮಿಂಗ್ ನನ್ನದು. ಬೈಗುಳವೂ ನನ್ನದೇ. ಅವರ ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಇರುವುದರಿಂದ ಮನೆಯಲ್ಲಿ ಮಾತಾಡುವ ಕೆಲಸವೂ ನನ್ನ ಪಾಲಿಗೇ ಬಂದಿದೆ.

ಪ್ರತಿವರ್ಷ ದೊಡ್ಡ ರಜೆಯಲ್ಲಿ ಶಾಲೆಯ ಹಾಲಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಳತೆ ತೆಗೆಯುತ್ತಾರೆ. ಅದಕ್ಕೊಂದು ಉದ್ದನೆಯ ಪುಸ್ತಕ. ಅದರಲ್ಲಿ ಮಕ್ಕಳ ಹೆಸರು ಬರೆಯುವುದಿಲ್ಲ, ಗುರುತು ಬರೆಯುತ್ತಾರೆ. ‘ಹೆಸರು ಬರೆದ್ರೆ ಒಂದೇ ಹೆಸರಿನವರು ನಾಲ್ಕು ಜನ ಸಿಗ್ತಾರೆ. ಗುರುತು ಬರೆದ್ರೆ ಒಬ್ಬರೇ’ ಎನ್ನುವುದು ಅವರ ಲೆಕ್ಕ. ಆದ್ದರಿಂದ ಪುಸ್ತಕದ ತುಂಬ ಕಂಬ, ಸೊಳ್ಳೆ, ಕಚಗುಳಿ, ಮೂಗೊರಸು ಇಂಥವರೇ. ಪ್ಯಾಂಟಿನ ಉದ್ದ ಬರೆಯುವ ಮುಂಚೆ ಮಗುವಿನ ಮಣಿಕಟ್ಟು ಹಿಡಿದು ನೋಡುತ್ತಾರೆ, ಪಾದ ನೋಡುತ್ತಾರೆ, ಜೊತೆಗೆ ಬಂದ ಅಪ್ಪನನ್ನೋ ಅಮ್ಮನನ್ನೋ ಮೇಲಿಂದ ಕೆಳಗೆ ನೋಡುತ್ತಾರೆ. ಆಮೇಲೆ ಮನಸ್ಸಿನಲ್ಲೇ ಎರಡೋ ಮೂರೋ ಇಂಚು ಬೆಳವಣಿಗೆಗೆಂದು ಸೇರಿಸಿ, ಒಟ್ಟು ಮಾತ್ರ ಬರೆಯುತ್ತಾರೆ. ಸೇರಿಸಿದ ಬಟ್ಟೆಯನ್ನು ನಾನು ಕಾಲಿನ ತುದಿಯಲ್ಲಿ ಒಳಗೆ ಮಡಿಚಿ ಹೊಲಿಯುತ್ತೇನೆ. ಎರಡು ಇಂಚಿಗೆ ಕೆಂಪು ದಾರ, ಮೂರಕ್ಕೆ ನೀಲಿ. ಹೊರಗೆ ಕಾಣಿಸುವುದಿಲ್ಲ. ಮಗು ಬೆಳೆದು ಪ್ಯಾಂಟು ಗಿಡ್ಡವಾದಾಗ ತಾಯಂದಿರು ಓಡಿಬರುತ್ತಾರಲ್ಲ, ಆಗ ದಾರದ ಬಣ್ಣ ನೋಡಿದರೆ ಒಳಗೆ ಎಷ್ಟು ಉಳಿದಿದೆ ಎಂದು ಬಿಚ್ಚದೆಯೇ ಹೇಳಬಹುದು.

ಇಡೀ ಶಾಲೆಯಲ್ಲಿ ಹಸಿರು ದಾರ ಇದ್ದದ್ದು ಒಬ್ಬಳಿಗೇ, ನಮ್ಮ ಮಗಳಿಗೆ. ಹಸಿರು ಎಂದರೆ ಐದು ಇಂಚು. ಅದು ನನ್ನ ಹಟ. ‘ನಮ್ಮ ಕಡೆಯವರೆಲ್ಲ ಹದಿನೈದಕ್ಕೆ ಒಮ್ಮೆಲೇ ಬೆಳೀತೀವಿ, ಜಾಸ್ತಿ ಬಿಡಿ’ ಎಂದು ನಾನೇ ಬಿಡಿಸಿದ್ದೆ. ಆದರೆ ಅವಳು ಬೆಳೆದದ್ದು ಬಾಯಲ್ಲಿ ಮಾತ್ರ. ನಾನು ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದೆ ಒದ್ದಾಡುವಾಗಲೆಲ್ಲ ಕಿತ್ತುಕೊಂಡು ತಾನೇ ಪೋಣಿಸಿ, ‘ಅಮ್ಮಿ, ನಾನು ಕಣ್ಣಿನ ಡಾಕ್ಟರ್ ಆಗಿ ಮೊದಲು ನಿನ್ನ ಕಣ್ಣೇ ಕುಯ್ಯೋದು’ ಎನ್ನುತ್ತಿದ್ದಳು. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ಬಂದರೆ ಮುಂದೆ ವಿಜ್ಞಾನ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಅವಳು ಆ ವರ್ಷಕ್ಕಾಗಿ ಕಾಯುತ್ತಿದ್ದಳು. ಅವಳೂ ಅವಳ ಗೆಳತಿಯೂ. ಆ ಗೆಳತಿಯ ಗುರುತು ನಮ್ಮ ಪುಸ್ತಕದಲ್ಲಿ ‘ಜೋಡಿ’. ಒಂದನೆಯ ತರಗತಿಯಿಂದ ಒಂದೇ ಬೆಂಚು, ಅಳತೆಗೂ ಒಟ್ಟಿಗೇ ಬರುವುದು.

ಶಾಲೆ ಶುರುವಾದ ದಿನ ಗೋಡೆಗೆ ಪಟ್ಟಿ ಅಂಟಿಸಿದರು. ಜೋಡಿ ಎ ವಿಭಾಗ. ನಮ್ಮವಳು ಸಿ. ಅವಳೂ ಸೇರಿ ಹತ್ತನೆಯ ತರಗತಿಯಲ್ಲಿದ್ದ ಮೂವತ್ತೊಂದು ಮುಸ್ಲಿಂ ಮಕ್ಕಳೂ ಸಿ. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಬೇರೆಯವರ ಒಂದು ಮಗುವೂ ಅಲ್ಲಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ನನ್ನಿಂದಲೂ ಅಷ್ಟು ಚೊಕ್ಕವಾಗಿ ಆರಿಸಲು ಆಗುವುದಿಲ್ಲ.

ಸಿ ವಿಭಾಗದ ಕೋಣೆ ಸೈಕಲ್ ಸ್ಟ್ಯಾಂಡಿನ ಹಿಂದೆ. ಮೊದಲು ಅಲ್ಲಿ ಒಂದನೆಯ ತರಗತಿ ನಡೆಯುತ್ತಿತ್ತು. ಬೆಂಚುಗಳೂ ಅವೇ, ಪುಟಾಣಿ ಬೆಂಚುಗಳು. ನಮ್ಮ ಪುಸ್ತಕದ ಕಂಬ, ಆರಡಿ ಎತ್ತರದ ಹುಡುಗ, ಅದರಲ್ಲಿ ಕೂತರೆ ಮಂಡಿ ಕಿವಿಗೆ ತಾಗುತ್ತಿತ್ತು. ವಿಜ್ಞಾನದ ಟೀಚರಿಗೆ ಎ, ಬಿ ಮುಗಿಸುವಷ್ಟರಲ್ಲಿ ಹೊತ್ತು ಸಾಲುವುದಿಲ್ಲವೆಂದು ಸಿ ವಿಭಾಗದ ವಿಜ್ಞಾನವನ್ನು ಡ್ರಿಲ್ ಮೇಷ್ಟ್ರಿಗೆ ಕೊಟ್ಟಿದ್ದರು. ಅವರು ಪಾಪ ಒಳ್ಳೆಯವರು. ಕೊರಳಲ್ಲಿ ಸೀಟಿ ನೇತುಹಾಕಿಕೊಂಡೇ ಪಾಠ ಮಾಡುತ್ತಿದ್ದರು. ‘ಹೃದಯಕ್ಕೆ ನಾಲ್ಕು ಕೋಣೆ. ಗೊತ್ತಾಯ್ತಾ? ಗೊತ್ತಾಗದವರು ಮೈದಾನ ಎರಡು ಸುತ್ತು ಓಡಿ’ ಎನ್ನುತ್ತಿದ್ದರಂತೆ. ಓಡಿ ಬಂದ ಮೇಲೆ ಹೃದಯ ಎಲ್ಲಿದೆ ಎನ್ನುವುದಂತೂ ಎಲ್ಲರಿಗೂ ಗೊತ್ತಾಗುತ್ತಿತ್ತು.

ಮಗಳು ಮೊದಲ ವಾರ ಇದನ್ನೆಲ್ಲ ನಗುತ್ತಲೇ ಹೇಳಿದಳು. ಎರಡನೆಯ ವಾರ ಹೇಳುವುದನ್ನು ಬಿಟ್ಟಳು. ಅವಳ ಬಾಯಿ ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಮನೆಯವರ ಬಾಯಿಂದ ಗುಂಡುಸೂಜಿ ತೆಗೆಸಿ ಹೆಡ್‌ಮಾಸ್ಟರ ಕೋಣೆಗೆ ಎಳೆದುಕೊಂಡು ಹೋದೆ.

‘ಅದನ್ನೆಲ್ಲ ಕಂಪ್ಯೂಟರ್ ಮಾಡಿದ್ದಮ್ಮ’ ಎಂದರು ಹೆಡ್‌ಮಾಸ್ಟರು.

‘ಕಂಪ್ಯೂಟರಿಗೆ ನಮ್ಮ ಮೇಲೆ ಏನು ಸಿಟ್ಟು ಸಾರ್?’

‘ಸಿಟ್ಟು ಯಾಕೆ? ನಿಮ್ಮ ಮಕ್ಕಳೆಲ್ಲ ಒಂದೇ ಕಡೆ ಇದ್ರೆ ಅವರಿಗೂ ಆರಾಮ ಅಲ್ವಾ?’

‘ಆರಾಮ ಮಾಡಕ್ಕೆ ಮನೆ ಇದೆಯಲ್ಲ ಸಾರ್. ಓದಕ್ಕೆ ಕಳಿಸಿದ್ದು’ ಎಂದೆ. ಮನೆಯವರು ನನ್ನ ಸೆರಗು ಜಗ್ಗಿದರು. ಮೆಟ್ಟಿಲಿಳಿಯುವಾಗ ಏನಾದರೂ ಸಮಾಧಾನ ಹೇಳಿಯಾರು ಎಂದುಕೊಂಡರೆ, ‘ಅವರ ಕೋಟಿನ ಎರಡನೇ ಗುಂಡಿ ಇನ್ನೊಂದು ವಾರ ತಡೆಯೋದು ಕಷ್ಟ’ ಎಂದರು. ಇಂಥವರನ್ನು ಕಟ್ಟಿಕೊಂಡು ಬಾಳುವುದೆಂದರೆ ನನ್ನಂಥವಳಿಗೇ ಸಾಧ್ಯ.

ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿ ವಕೀಲಕ್ಕ ಇದ್ದಾರೆ. ಅವರ ಕರಿಕೋಟಿಗೆ ಮೂರು ಸಲ ಕಾಲರ್ ತಿರುಗಿಸಿ ಕೊಟ್ಟವರು ನಾವೇ. ಅವರಿಗೆ ಸಿಟ್ಟು ಬಂದಷ್ಟೂ ನಗು ಹೆಚ್ಚು. ನಮ್ಮ ಕತೆ ಕೇಳಿ ಐದು ನಿಮಿಷ ನಕ್ಕರು. ನನಗೆ ಆಗಲೇ ಧೈರ್ಯ ಬಂತು. ಶಾಲೆಗೆ ನೋಟಿಸು ಹೋಯಿತು. ಅದಕ್ಕೆ ಸಹಿ ಹಾಕಿಸಲು ಉಳಿದ ಮೂವತ್ತು ಮನೆಗೂ ಹೋದೆ. ಇಪ್ಪತ್ತೊಂಬತ್ತು ಮನೆಯವರು ‘ನೀವು ಹಾಕಿ, ಗೆದ್ರೆ ನಾವೂ ಇದೀವಿ’ ಎಂದರು. ಬೆಕ್ಕಿಗೆ ಗಂಟೆ ಕಟ್ಟಲು ಕಂಬನ ತಾಯಿ ಮತ್ತು ನಾನು ಇಬ್ಬರೇ ಉಳಿದೆವು.

ಶಾಲೆಯ ಉತ್ತರ ದಪ್ಪ ಕಾಗದದಲ್ಲಿ ಬಂತು. ವಕೀಲಕ್ಕ ಅಂಗಡಿಗೇ ಇಳಿದು ಬಂದು ಓದಿದರು: ‘ವಿಭಾಗಗಳನ್ನು ಮಕ್ಕಳ ಎತ್ತರದ ಆಧಾರದ ಮೇಲೆ ಮಾಡಲಾಗಿದೆ. ಸಿ ಕೋಣೆಯ ಬೆಂಚುಗಳು ಚಿಕ್ಕವಾದ್ದರಿಂದ, ಮಕ್ಕಳ ಬೆನ್ನುಮೂಳೆಯ ಆರೋಗ್ಯದ ದೃಷ್ಟಿಯಿಂದ, ರಜೆಯಲ್ಲಿ ಗಿಡ್ಡಗಿದ್ದ ಮಕ್ಕಳನ್ನು ಅಲ್ಲಿಗೆ ಹಾಕಲಾಗಿದೆ.’

ಮಷಿನ್ನು ನಿಂತಿತು. ನಮ್ಮ ಮನೆಯವರು ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವರ ಕೋಪವನ್ನು ನಾನು ನೋಡಿದ್ದಿಲ್ಲ. ಮಗಳನ್ನು ಮೂಲೆಗೆ ತಳ್ಳಿದರು ಎಂದಾಗ ಅವರು ಕೊರಗಿದ್ದರು, ಅಷ್ಟೇ. ಈಗ ಮುಖ ಕೆಂಪಗಾಯಿತು.

‘ಎತ್ತರವಾ? ರಜೆಯಲ್ಲಿ ಆ ಮಕ್ಕಳ ಮೈಗೆ ಟೇಪು ಹಿಡಿದವನು ನಾನೊಬ್ಬನೇ. ನನ್ನನ್ನ ಕೇಳ್ದೆ ಇವರಿಗೆ ಎತ್ತರ ಯಾರು ಹೇಳಿದ್ದು?’ ಎಂದು ಕೂಗಿ, ಕಪಾಟಿನಿಂದ ಪುಸ್ತಕ ತೆಗೆದು ವಕೀಲಕ್ಕನ ಮುಂದೆ ದೊಪ್ಪನೆ ಹಾಕಿದರು. ಮಗಳಿಗೆ ಆದ ಅನ್ಯಾಯಕ್ಕಿಂತ ಕಸುಬಿಗೆ ಆದ ಅವಮಾನ ದೊಡ್ಡದು ಎನ್ನುವುದು ಆವತ್ತು ನನಗೆ ತಿಳಿಯಿತು. ವಕೀಲಕ್ಕ ಕಂಬ, ಸೊಳ್ಳೆ ಎಂದೆಲ್ಲ ಓದುತ್ತಾ ಕಣ್ಣೀರು ಬರುವಂತೆ ನಕ್ಕರು.

ದೂರು ಮಕ್ಕಳ ಹಕ್ಕುಗಳ ಆಯೋಗಕ್ಕೆ ಹೋಯಿತು. ವಿಚಾರಣೆಯ ದಿನಾಂಕ ಬರುವಷ್ಟರಲ್ಲಿ ಶಾಲೆ ಶುರುವಾಗಿ ಐದು ತಿಂಗಳಾಗಿತ್ತು. ಆಯೋಗ ಎಂದರೆ ಏನೋ ಎಂದುಕೊಂಡಿದ್ದೆ. ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಉದ್ದನೆಯ ಮೇಜು, ಕಟಕಟ ಎನ್ನುವ ಒಂದು ಫ್ಯಾನು. ಮೇಜಿನ ಹಿಂದೆ ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ಅಧ್ಯಕ್ಷೆ. ಒಂದು ಕಡೆ ಹೆಡ್‌ಮಾಸ್ಟರು ಮತ್ತು ಶಾಲೆಯ ವಕೀಲರು. ಇನ್ನೊಂದು ಕಡೆ ವಕೀಲಕ್ಕ, ನಾವಿಬ್ಬರು, ಮಗಳು, ಕಂಬ, ಕಂಬನ ತಾಯಿ. ಮಕ್ಕಳಿಬ್ಬರೂ ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದರು.

ವಕೀಲಕ್ಕ ಮೊದಲು ಕಂಬನನ್ನು ಎದ್ದು ನಿಲ್ಲಲು ಹೇಳಿದರು. ಅವನು ಎದ್ದ. ಇನ್ನೂ ಎದ್ದ. ಅವನು ಪೂರ್ತಿ ಎದ್ದು ಮುಗಿಯುವ ತನಕ ಎಲ್ಲರೂ ಕಾದರು.

‘ಗಿಡ್ಡ ಮಕ್ಕಳ ಕೋಣೆಯಲ್ಲಿ ಇರೋ ಹುಡುಗ ಇವನು ಮೇಡಂ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?’ ಎಂದರು ವಕೀಲಕ್ಕ.

ಶಾಲೆಯ ವಕೀಲರು ಒಂದಿಷ್ಟೂ ಅಲುಗಾಡಲಿಲ್ಲ. ‘ಮೇಡಂ, ನಾವು ನೋಡಿದ್ದು ರಜೆಯ ಎತ್ತರ. ಈ ವಯಸ್ಸಲ್ಲಿ ಹುಡುಗರು ಐದು ತಿಂಗಳಲ್ಲಿ ಎಷ್ಟು ಬೇಕಾದ್ರೂ ಬೆಳೀತಾರೆ. ಮಕ್ಕಳು ಬೆಳೆದ್ರೆ ಅದು ಶಾಲೆಯ ತಪ್ಪಾ?’

ಆಗ ಪುಸ್ತಕ ಹೊರಗೆ ಬಂತು. ನಮ್ಮ ಮನೆಯವರು ಎದ್ದು ನಿಂತು, ‘ಕಂಬ, ನಲವತ್ತೈದು’ ಎಂದು ಓದಿದರು. ‘ರಜೆಯಲ್ಲೇ ಇಷ್ಟಿದ್ದ ಮೇಡಂ.’ ಶಾಲೆಯ ವಕೀಲರು ಹತ್ತಿರ ಬಂದು, ಬಹಳ ಮೆತ್ತಗೆ ಕೇಳಿದರು.

‘ಇದರಲ್ಲಿ ಬರೆದಿರೋದು ಮಗುವಿನ ಅಳತೆನಾ, ಬಟ್ಟೆಯ ಅಳತೆನಾ?’

ಸುಳ್ಳು ಹೇಳಲು ಬಾರದ ಗಂಡನಿದ್ದರೆ ಹೆಂಡತಿಗೆ ಬೇರೆ ಶತ್ರು ಬೇಡ.

‘ಬಟ್ಟೆಯದು ಸಾರ್. ಬೆಳೆಯೋ ಮಕ್ಕಳಲ್ವಾ, ಸ್ವಲ್ಪ ಸೇರಿಸಿರ್ತೀನಿ.’

‘ಎಷ್ಟು?’

‘ಒಬ್ಬೊಬ್ಬರಿಗೆ ಒಂದೊಂದು ಥರ.’

‘ಯಾರಿಗೆ ಎಷ್ಟು ಅಂತ ಎಲ್ಲಿ ಬರೆದಿದೀರಿ?’

‘ಬರೆದಿಲ್ಲ.’

‘ನಿಮ್ಮ ಮಗಳದ್ದು ಓದಿ ನೋಡೋಣ.’

ಅವರು ಹಾಳೆ ತಿರುವಿದರು. ಮಗಳ ಗುರುತು ‘ನಮ್ಮದು’ ಎಂದಿತ್ತು. ‘ಮೂವತ್ತೊಂಬತ್ತು’ ಎಂದರು, ಕೇಳಿಸದ ಹಾಗೆ.

‘ಇನ್ಯಾವ ಹುಡುಗಿಗಾದ್ರೂ ಮೂವತ್ತೊಂಬತ್ತು ಇದೆಯಾ?’

‘ಇಲ್ಲ ಸಾರ್. ಆಮೇಲೆ ಮೂವತ್ತೆಂಟೇ ಜಾಸ್ತಿ.’

ಶಾಲೆಯ ವಕೀಲರು ಮಗಳ ಕಡೆ ತಿರುಗಿದರು. ಕುರ್ಚಿಯಲ್ಲಿ ಕೂತಿದ್ದ ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ‘ಮೇಡಂ, ಈ ಪುಸ್ತಕದ ಪ್ರಕಾರ ಇಡೀ ತರಗತಿಯ ಹುಡುಗಿಯರಲ್ಲಿ ಅತಿ ಉದ್ದದವಳು ಈ ಮಗು’ ಎಂದರು. ಹೆಡ್‌ಮಾಸ್ಟರು ನಕ್ಕರು. ಬಾಗಿಲ ಬಳಿಯ ಗುಮಾಸ್ತ ನಕ್ಕ. ಕಂಬನಿಗೂ ನಗು ತಡೆಯಲಾಗಲಿಲ್ಲ, ದರಿದ್ರ. ಅಧ್ಯಕ್ಷೆ ಮಾತ್ರ ನಗದೆ ಪುಸ್ತಕವನ್ನು ಮುಚ್ಚಿದರು. ಅದು ನಗುವಿಗಿಂತ ಕೆಟ್ಟದಾಗಿತ್ತು.

ಮಗಳು ತಲೆ ತಗ್ಗಿಸಿ ಪ್ಯಾಂಟಿನ ಕಾಲನ್ನೇ ನೋಡುತ್ತಿದ್ದಳು. ಐದು ತಿಂಗಳು ಮೂಲೆಯ ಕೋಣೆಯಲ್ಲಿ ಕೂತದ್ದು ಸಾಲದು ಎಂದು ಈಗ ಅಮ್ಮನ ಹಟಕ್ಕೂ ಅವಳೇ ನಗೆಪಾಟಲು. ಆ ಐದು ಇಂಚು ಬಿಡಿಸಿದವಳು ನಾನು. ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು. ಆದರೆ ನನಗೆ ನಾಚಿಕೆ ಬಹಳ ಹೊತ್ತು ನಿಲ್ಲುವುದಿಲ್ಲ, ಬೇಗ ಕೋಪಕ್ಕೆ ತಿರುಗುತ್ತದೆ. ಎದ್ದೇಬಿಟ್ಟೆ.

‘ಮೇಡಂ, ಸೇರಿಸಿದ್ದು ಎಲ್ಲೂ ಬರೆದಿಲ್ಲ ಅಂತ ಇವರು ಹೇಳಿದ್ದು ತಪ್ಪು. ನಾನು ಬರೆದಿದೀನಿ.’

‘ನೀವು ಯಾರು?’

‘ಹೆಮ್ಮಿಂಗ್ ಹಾಕೋಳು.’

‘ಎಲ್ಲಿ ಬರೆದಿದೀರಿ?’

‘ಪ್ಯಾಂಟಿನ ಒಳಗೆ.’

ಹೆಡ್‌ಮಾಸ್ಟರು ಕೆಮ್ಮಿದರು. ನಾನು ಕಂಬನನ್ನು ಮುಂದಕ್ಕೆ ಎಳೆದು, ನೆಲದ ಮೇಲೆ ಕೂತು, ಅವನ ಪ್ಯಾಂಟಿನ ತುದಿಯನ್ನು ಹೊರಳಿಸಿ ತೋರಿಸಿದೆ. ‘ನೀಲಿ ದಾರ ಕಾಣ್ತಾ ಮೇಡಂ? ಮೂರು ಇಂಚು. ರಜೆಯಲ್ಲಿ ನಾನೇ ಹಾಕಿದ್ದು. ಇವರು ಹೇಳೋ ಹಾಗೆ ಈ ಹುಡುಗ ಐದು ತಿಂಗಳಲ್ಲಿ ಬೆಳೆದಿದ್ರೆ ಪ್ಯಾಂಟು ಗಿಡ್ಡ ಆಗಿ, ಇದನ್ನ ಬಿಚ್ಚಬೇಕಿತ್ತಲ್ಲ? ಬಿಚ್ಚೋಳು ನಾನೇ. ಬಿಚ್ಚಿಲ್ಲ. ಬಿಚ್ಚಿ ಮತ್ತೆ ಹಾಕಿದ್ರೆ ಬಟ್ಟೆ ಮೇಲೆ ಹಳೇ ತೂತಿನ ಸಾಲು ಉಳಿಯುತ್ತೆ, ನೋಡಿ ಬೇಕಾದ್ರೆ.’

ಅಧ್ಯಕ್ಷೆ ಎದ್ದು ಬಂದರು. ಕನ್ನಡಕ ಏರಿಸಿಕೊಂಡು ಬಗ್ಗಿದರು. ಬಗ್ಗಿ ಸಾಲದೆ ಅವರೂ ನನ್ನ ಪಕ್ಕದಲ್ಲಿ ಮೊಣಕಾಲೂರಿದರು. ನಮ್ಮ ಮನೆಯವರ ಕೊರಳಲ್ಲಿ ಟೇಪು ಹೇಗೂ ಇತ್ತು. ಅವರು ಅದನ್ನು ತೆಗೆಯದೆ ಮಲಗುವುದೂ ಇಲ್ಲ. ಅಳೆದರು. ಸೊಂಟದಿಂದ ಶೂವರೆಗೆ ನಲವತ್ತೆರಡು. ಒಳಗೆ ಮೂರು. ಪುಸ್ತಕದಲ್ಲಿ ನಲವತ್ತೈದು.

‘ಈಗ ಆ ಮಗು ಬರಲಿ’ ಎಂದರು ಅಧ್ಯಕ್ಷೆ.

ಮಗಳು ಕುರ್ಚಿಯಿಂದ ಕೆಳಗೆ ಹಾರಿ ಬಂದಳು. ಮೂವತ್ನಾಲ್ಕು. ಒಳಗೆ ಹಸಿರು ದಾರ, ಐದು. ಒಟ್ಟು ಮೂವತ್ತೊಂಬತ್ತು.

‘ಐದು ಯಾಕೆ?’ ಎಂದು ಅಧ್ಯಕ್ಷೆ ನನ್ನನ್ನು ಕೇಳಿದರು.

‘ಆಸೆ ಮೇಡಂ’ ಎಂದೆ. ಅವರು ಕುರ್ಚಿಗೆ ಹೋಗಿ ಪುಸ್ತಕವನ್ನು ಮತ್ತೆ ತೆರೆದರು.

‘ಹತ್ತನೇ ತರಗತಿಯ ಹಾಳೆಯಲ್ಲಿ ಎಲ್ಲರಿಗಿಂತ ಗಿಡ್ಡ ಯಾರು? ಸೊಳ್ಳೆ ಅಂತಿದೆ, ಮೂವತ್ಮೂರು. ಈ ಸೊಳ್ಳೆ ಸಿ ವಿಭಾಗದಲ್ಲಿ ಇರಬೇಕಲ್ಲ. ಇದ್ಯಾರು?’

ನಮ್ಮ ಮನೆಯವರು ಫ್ಯಾನು ನೋಡಿದರು. ‘ಹೇಳಲೇಬೇಕಾ ಮೇಡಂ?’

‘ಹೇಳಿ.’

‘ಇವರ ಮಗ’ ಎಂದು ಶಾಲೆಯ ವಕೀಲರನ್ನು ತೋರಿಸಿದರು. ‘ಎ ವಿಭಾಗ. ಒಳ್ಳೇ ಹುಡುಗ ಮೇಡಂ, ಟೇಪು ಹಿಡಿದ್ರೆ ಅಲುಗಾಡಲ್ಲ.’

ವಕೀಲರು ಫೈಲಿನಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕತೊಡಗಿದರು. ಅಧ್ಯಕ್ಷೆ ಹಾಳೆ ಮಗುಚುತ್ತಾ ಹೋದವರು ಒಂದು ಕಡೆ ನಿಂತರು. ‘ಉಸಿರು ಕಟ್ಟಿದವರು, ಮೂವತ್ತೆಂಟು. ಬಿಟ್ಟರೆ ನಲವತ್ತೆರಡು. ಇದು ಯಾವ ಮಗು?’

ಹೆಡ್‌ಮಾಸ್ಟರು ತಮಗೆ ತಿಳಿಯದೆಯೇ ಹೊಟ್ಟೆಯನ್ನು ಒಳಗೆ ಎಳೆದುಕೊಂಡರು. ವಾರ್ಷಿಕೋತ್ಸವದ ಕೋಟಿಗೆ ಅಳತೆ ಕೊಡುವಾಗಲೂ ಹೀಗೇ ಎಳೆದುಕೊಂಡಿದ್ದರು. ಈ ಸಲ ಅಧ್ಯಕ್ಷೆಗೂ ನಗು ಬಂತು. ಆಮೇಲೆ ನಗು ನಿಲ್ಲಿಸಿ ಅವರು ಹೇಳಿದ್ದು ನನಗೆ ಬಾಯಿಪಾಠವಾಗಿದೆ.

‘ಈ ಹುಡುಗ ಐದು ತಿಂಗಳಲ್ಲಿ ಬೆಳೆದಿಲ್ಲ. ಬೆಳೆದಿರೋದು ನಿಮ್ಮ ಸುಳ್ಳು. ಮೊದಲು ಕಂಪ್ಯೂಟರ್ ಅಂದ್ರಿ, ಆಮೇಲೆ ಬೆನ್ನುಮೂಳೆ ಅಂದ್ರಿ. ಇವರು ಮುಸ್ಲಿಂ ಮಕ್ಕಳು ಅನ್ನೋದು ಬಿಟ್ಟು ಬೇರೆ ಯಾವ ಅಳತೆಯಲ್ಲೂ ಈ ಮೂವತ್ತೊಂದು ಜನ ಒಂದು ಕೋಣೆಗೆ ಹೊಂದಲ್ಲ.’

ಹತ್ತು ದಿನದೊಳಗೆ ಚೀಟಿ ಎತ್ತಿ ಮೂರು ವಿಭಾಗವನ್ನೂ ಹೊಸದಾಗಿ ಮಾಡಬೇಕು, ಮೊದಲಿದ್ದ ಬೆಂಚಿನ ಗೆಳೆಯರನ್ನು ಆದಷ್ಟೂ ಜೊತೆಗಿಡಬೇಕು, ವಿಜ್ಞಾನದ ಟೀಚರು ಎಲ್ಲರಿಗೂ ಪಾಠ ಮಾಡಬೇಕು, ತಪ್ಪಿದ ಐದು ತಿಂಗಳ ಪಾಠವನ್ನು ಬೇರೆ ಮಾಡಿ ಮುಗಿಸಬೇಕು ಎಂದು ಆದೇಶ ಬಂತು. ಆ ಸಂಜೆ ಇಪ್ಪತ್ತೊಂಬತ್ತು ಮನೆಯವರೂ ಅಂಗಡಿಗೆ ಬಂದು ‘ನಾವು ಗೆದ್ವಿ’ ಎಂದರು. ಕಂಬನ ತಾಯಿ ನನ್ನ ಮುಖ ನೋಡಿದಳು. ಇರಲಿ ಬಿಡಿ, ಗೆದ್ದ ಮೇಲಾದರೂ ಬಂದರಲ್ಲ.

ಶಾಲೆಯೇನೂ ಸುಮ್ಮನೆ ಕೂರಲಿಲ್ಲ. ಮುಂದಿನ ವರ್ಷದಿಂದ ಸಮವಸ್ತ್ರವನ್ನು ಸಿದ್ಧ ಉಡುಪಿನ ಕಾರ್ಖಾನೆಯಿಂದ ತರಿಸುತ್ತೇವೆ, ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಮೂರೇ ಅಳತೆ ಇರುತ್ತದೆ ಎಂದು ನಮಗೊಂದು ಕಾಗದ ಬಂತು. ಇಪ್ಪತ್ತೆರಡು ವರ್ಷದ ಕೆಲಸ. ನಮ್ಮ ಮನೆಯವರು ಕಾಗದವನ್ನು ಎರಡು ಸಲ ಓದಿ, ಗುಂಡುಸೂಜಿಯ ಎಡೆಯಿಂದಲೇ, ‘ನೋಡು, ಮತ್ತೆ ಮೂರೇ ವಿಭಾಗ’ ಎಂದರು. ಆಮೇಲೆ, ‘ಅದರಲ್ಲಿ ಒಳಮಡಿಕೆ ಇರಲ್ಲ. ಮಕ್ಕಳು ಬೆಳೆದಾಗ ತಾಯಂದಿರು ಎಲ್ಲಿಗೆ ಬರ್ತಾರೆ?’ ಎಂದು ಮಷಿನ್ನು ತುಳಿದರು. ನನಗೆ ಅಷ್ಟು ನಂಬಿಕೆ ಇರಲಿಲ್ಲ, ಆದರೂ ಆ ಹೊತ್ತಿಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಹೇಳಲಿಲ್ಲ, ಹೇಳಿದರೆ ಸೊಂಟ ಎಷ್ಟು ಎಂದು ಕೇಳುವವರು ಅವರು.

ಚೀಟಿಯಲ್ಲಿ ಮಗಳು ಎ ವಿಭಾಗಕ್ಕೆ ಬಂದಳು. ಮೊದಲ ದಿನ ಮುಗಿಸಿ ಅಂಗಡಿಗೆ ಬರುವಾಗ ಜೊತೆಗೆ ಜೋಡಿಯೂ ಇದ್ದಳು. ಐದು ತಿಂಗಳಲ್ಲಿ ಆ ಹುಡುಗಿ ಬಾಳೆಗಿಡದ ಹಾಗೆ ಬೆಳೆದಿದ್ದಳು. ಪ್ಯಾಂಟು ಪಾದದಿಂದ ಮೂರು ಬೆರಳು ಮೇಲಿತ್ತು.

‘ಆಂಟಿ, ಇದನ್ನ ಬಿಚ್ಚಿಕೊಡಿ. ಎಲ್ರೂ ನಗ್ತಾರೆ.’

‘ಇಷ್ಟು ದಿನ ಯಾಕೆ ಬರಲಿಲ್ಲ ಮಗಾ?’

‘ಇವಳ ಜೊತೆ ಬರೋಣ ಅಂತ’ ಎಂದಳು, ಅದರಲ್ಲೇನು ಎನ್ನುವ ಹಾಗೆ.

ನಾನು ಅವಳ ಕಾಲಬಳಿ ಕೂತು ಕೆಂಪು ದಾರ ಬಿಚ್ಚತೊಡಗಿದೆ. ಮಗಳು ಕಟಿಂಗ್ ಟೇಬಲ್ಲಿನ ಮೇಲೆ ಹತ್ತಿ ಕೂತು, ಹಳೆಯ ಬಾಯಿ ಮತ್ತೆ ತೆರೆದು, ವಿಜ್ಞಾನದ ಟೀಚರು ಹೀಗೆಂದರು ಹಾಗೆಂದರು, ನಾಳೆ ಕಣ್ಣಿನ ಪಾಠ ಎಂದು ಬಡಬಡ ಹೇಳುತ್ತಿದ್ದಳು. ‘ಕೂರಕ್ಕೆ ಜಾಗ ಸಿಕ್ತಾ?’ ಎಂದು ಕೇಳಿದೆ. ಐದು ತಿಂಗಳಾದ ಮೇಲೆ ಹೋದವಳಿಗೆ ಎಲ್ಲೋ ಹಿಂದಿನ ಬೆಂಚು ಸಿಕ್ಕಿರಬೇಕು ಎಂದು ನನ್ನ ಎಣಿಕೆ.

ಮಗಳು ಮಾತು ನಿಲ್ಲಿಸಿ ಜೋಡಿಯನ್ನು ನೋಡಿದಳು. ‘ನನ್ನ ಜಾಗ ಇತ್ತಮ್ಮಿ. ಶಾಲೆ ಶುರುವಾದ ದಿನದಿಂದ ಇವಳು ಪಕ್ಕದಲ್ಲಿ ಬ್ಯಾಗ್ ಇಟ್ಕೊಂಡೇ ಕೂತಿದಾಳೆ. ಯಾರು ಬಂದ್ರೂ, ಟೀಚರ್ ಹೇಳಿದ್ರೂ, ಇಲ್ಲಿ ಜನ ಇದಾರೆ ಅಂತಿದ್ಲಂತೆ.’

ಕಣ್ಣು ಮಂಜಾಗಿ ದಾರ ಕಾಣಿಸಲಿಲ್ಲ. ಮಗಳು ಕೆಳಗೆ ಹಾರಿ, ನನ್ನ ಕೈಯಿಂದ ಪ್ಯಾಂಟಿನ ತುದಿ ಕಿತ್ತುಕೊಂಡು, ಉಳಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಜೋಡಿಯ ಪ್ಯಾಂಟು ಪಾದದವರೆಗೆ ಇಳಿಯಿತು. ನಮ್ಮವಳ ಹಸಿರು ದಾರ ಹಾಗೇ ಇದೆ. ಅವಸರವೇನಿಲ್ಲ.